ಡೆಕ್ಸ್ಟರ್ ಅಂದರೆ ಬಲಗೈ

ಅಣ್ಣ ಫೋನು ಮಾಡಿ ಮಗನಿಗೆ ಇಡುವ ಹೆಸರು ಹೇಳಿದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಬೊಗಳಿದ್ದು.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಕೆಲಸ ಮಾಡುವ ಹುನಗುಂದದ ಮೊಬೈಲ್ ಅಂಗಡಿಯ ಎದುರಿಗೆ ಒಬ್ಬ ಹಲ್ಲಿನ ಡಾಕ್ಟರ ಮನೆಯಿದೆ. ಅವರ ನಾಯಿಯ ಹೆಸರೂ ಅದೇ. ದಿನಾ ಸಂಜೆ ಡಾಕ್ಟರ ಹೆಂಡತಿ ಗೇಟಿಗೆ ಬಂದು “ಡೆಕ್ಸ್ಟರ್, ನೋ! ಡೆಕ್ಸ್ಟರ್, ಕಮ್!” ಎಂದು ಕೂಗುತ್ತಾರೆ. ನೋ ಎಂದರೆ ನಿಲ್ಲುವುದಿಲ್ಲ, ಕಮ್ ಎಂದರೆ ಬರುವುದಿಲ್ಲ, ಅಂಥ ಸ್ವಾಭಿಮಾನಿ ನಾಯಿ. ನಾನು ಅಂಗಡಿಯೊಳಗಿಂದ ಆ ತಾಯಿಯ ದನಿ ತೆಗೆದು ಕೂಗಿದರೆ ಮಾತ್ರ ಬಾಲ ಅಲ್ಲಾಡಿಸುತ್ತ ಓಡಿ ಬರುತ್ತದೆ. ಜೀವನದಲ್ಲಿ ನನ್ನ ಕಲೆಯನ್ನು ಮೆಚ್ಚಿಕೊಂಡವರ ಪಟ್ಟಿಯಲ್ಲಿ ಅದರ ಹೆಸರೇ ಮೊದಲು.

“ಬೊಗಳಬ್ಯಾಡಲೇ ಖೋಡಿ,” ಅಂದ ಅಣ್ಣ. “ಇಂಗ್ಲೀಷ್ ಹೆಸರದು. ಡೆಕ್ಸ್ಟರ್ ಅಂದ್ರ ಬಲಗೈ. ಚಾಣಾಕ್ಷ, ಕೈಯಾಗ ಕಸಬು ಇದ್ದಾಂವ ಅಂತ ಅರ್ಥ. ನೆಟ್‌ನ್ಯಾಗ ನೋಡೇನಿ. ಇಡೀ ಬಾಗಲಕೋಟಿ ಜಿಲ್ಲಾದಾಗ ಈ ಹೆಸರಿನ ಹುಡುಗ ಒಬ್ಬನೂ ಇಲ್ಲ.”

“ಹುಡುಗ ಇಲ್ಲಣ್ಣ, ಅದು ಖರೆ,” ಅಂದೆ.

ಫೋನು ಇಟ್ಟುಬಿಟ್ಟ.

ನಮ್ಮದು ಇಳಕಲ್ಲು. ಅಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಾನೆ. ಅವ್ವ ನೂಲಿಗೆ ಬಣ್ಣ ಹಾಕುತ್ತಾಳೆ. ನಮ್ಮ ಓಣಿಯಲ್ಲಿ ನೇಯುವವರು ಬೇಕಾದಷ್ಟು ಜನ ಇದ್ದಾರೆ. ಬಣ್ಣ ಹಾಕುವವರು ಕಡಿಮೆ, ಅದರಲ್ಲೂ ಹೆಂಗಸು ಅವ್ವ ಒಬ್ಬಳೇ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮೂರು ಹಂಡೆಗಳಿವೆ. ಕುದಿಯುವ ಬಣ್ಣದಲ್ಲಿ ನೂಲಿನ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ಇಳಿಬಿಟ್ಟು, ತಿರುವಿ, ಎತ್ತಿ, ಹಿಂಡಿ, ಮತ್ತೆ ಇಳಿಬಿಡುತ್ತಾಳೆ. ಗಿರಿ ಕುಂಕುಮ ಎಂದು ನಮ್ಮ ಕಡೆ ಒಂದು ಕೆಂಪು ಇದೆ. ಕುಂಕುಮಕ್ಕಿಂತ ಗಾಢ, ದಾಳಿಂಬೆಗಿಂತ ತಿಳಿ. ಅದನ್ನು ಅವ್ವನ ಹಾಗೆ ಹಿಡಿಯುವವರು ಮತ್ತೊಬ್ಬರಿಲ್ಲ ಎಂದು ಮಗ್ಗದ ಮಾಲಕರೇ ಹೇಳುತ್ತಾರೆ. ಹೊಗಳಿಕೆಯನ್ನು ಅವ್ವನ ಮುಂದೆ ಮಾತ್ರ ಹೇಳುವುದಿಲ್ಲ.

ಅವಳ ಎರಡೂ ಕೈಗಳ ಬಣ್ಣ ಮನುಷ್ಯರ ಕೈಯ ಬಣ್ಣವಲ್ಲ. ಬಲಗೈಯದಂತೂ ಮಣಿಕಟ್ಟಿನ ತನಕ ನೇರಳೆಹಣ್ಣಿನಂಥ ಜಾಂಬಳ, ಉಗುರುಗಳು ಕಪ್ಪು. ಎಷ್ಟೋ ವರ್ಷಗಳ ಬಣ್ಣ ಒಂದರ ಮೇಲೊಂದು ಕೂತು ಹಾಗಾಗಿದೆ. ಸಣ್ಣವನಿದ್ದಾಗ ಅವಳು ನನ್ನ ಕೆನ್ನೆಗೆ ಹೊಡೆದರೆ ಕೆನ್ನೆ ಕೆಂಪಗಾದದ್ದು ಏಟಿಗೋ ಬಣ್ಣಕ್ಕೋ ಎಂದು ಶಾಲೆಯಲ್ಲಿ ಪಂದ್ಯ ಕಟ್ಟುತ್ತಿದ್ದರು.

ಅಣ್ಣ ಓದಿದ. ಬಾಗಲಕೋಟೆಯ ನವನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಬಾದಾಮಿಯ ನಿವೃತ್ತ ಹೆಡ್‌ಮಾಸ್ತರರ ಮಗಳನ್ನು ಮದುವೆಯಾದ. ಮೂರು ತಲೆಮಾರಿನಿಂದ ಮಾಸ್ತರಿಕೆ ಮಾಡಿದ ಮನೆ ಅದು; ಅಲ್ಲಿ ಬೆಕ್ಕು ಕೂಡ ಕೆಮ್ಮಿಯೇ ಒಳಗೆ ಬರುತ್ತದೆ. ಅವರ ಮುಂದೆ ಅಣ್ಣ ನಮ್ಮ ಮನೆಯನ್ನು “ಇಳಕಲ್ಲದಾಗ ಸೀರಿ ಬಿಸಿನೆಸ್” ಎಂದು ಪರಿಚಯಿಸಿದ್ದ. ಸುಳ್ಳಲ್ಲ. ಸೀರೆ ಇತ್ತು, ಬಿಸಿನೆಸ್ ಬೇರೆಯವರದಾಗಿತ್ತು. ಮದುವೆಯ ಹಿಂದಿನ ದಿನ ಅವ್ವನ ಎರಡೂ ಕೈಗೆ ಮೊಣಕೈ ತನಕ ದಟ್ಟವಾಗಿ ಮೆಹಂದಿ ಹಾಕಿಸಿದ. ಮದುಮಗಳಿಗಿಂತ ವರನ ತಾಯಿಯ ಮೆಹಂದಿಯೇ ಜೋರಾಗಿತ್ತು. “ಬೀಗತಿಗೆ ಭಾಳ ಶೋಕಿ” ಎಂದು ಬಾದಾಮಿ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅವ್ವನೂ ನಕ್ಕಳು. ನಾನು ಅವರೆಲ್ಲರಂತೆ ನಕ್ಕು ತೋರಿಸಿದೆ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿ “ಕುರ್ರ್” ಎನ್ನಬೇಕು. ಅವಳು ಹೇಳುತ್ತಿದ್ದ ಹಾಗೆ ಸುತ್ತ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ಕೇಳಿದರೆ ಮೊದಲಿನಿಂದ ಗುದ್ದುತ್ತ ಬಂದಿದ್ದಾರೆ ಎನ್ನುತ್ತಾರೆ. ನಮಗೆ ಅಕ್ಕತಂಗಿಯರಿಲ್ಲ. ಅಣ್ಣನ ಹೆಂಡತಿ, ನನ್ನ ವೈನಿ, ಬಸಿರಾದ ಸುದ್ದಿ ಬಂದ ದಿನವೇ ಅವ್ವ ಹೇಳಿಬಿಟ್ಟಿದ್ದಳು:

“ಹೆಸರ ಏನರ ಇಟ್ಟಕೋರಿ. ಕಿವ್ಯಾಗ ಹೇಳಾಕಿ ಮಾತ್ರ ನಾನ. ಮತ್ತೇನೂ ಕೇಳೂದಿಲ್ಲ ನಾ.”

ಅವ್ವ ತನಗಾಗಿ ಕೇಳಿದ್ದು ಅದೊಂದನ್ನೇ. ಅದಕ್ಕೆ ಮೊದಲು ಏನನ್ನಾದರೂ ಕೇಳಿದ್ದಳೇ ಎಂದು ಈಗ ನೆನಪಿಸಿಕೊಳ್ಳಲು ನೋಡುತ್ತೇನೆ, ಹೊಳೆಯುವುದಿಲ್ಲ.

ಅಣ್ಣ ಒಂದು ಷರತ್ತು ಹಾಕಿದ. ಹೆಸರು ಬರೋಬ್ಬರಿ ಹೇಳಲು ಬರಬೇಕು. ಬರದಿದ್ದರೆ ವೈನಿಯ ಚಿಕ್ಕಪ್ಪನ ಮಗಳು ಹೇಳುತ್ತಾಳೆ, ಅವಳು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅವ್ವನಿಗೆ ಹೆಸರು ಕಲಿಸುವ ಕೆಲಸ ನನಗೆ ಬಿತ್ತು. ಕುರಿ ಕಾಯುವ ಕೆಲಸ ತೋಳಕ್ಕೆ ಬಿದ್ದ ಹಾಗೆ.

“ಹೇಳಬೇ. ಡೆಕ್ಸ್ಟರ್.”

“ಡೆಗಸ್ಟರ.”

“ಡೆಕ್ಸ್.”

“ಡೆಕ್ಕಸ.”

“ಡೆಕ್ಕಸ ಅಲ್ಲಬೇ. ಕೂಸಿಗೆ ಹೆಸರ ಇಡಾಕತ್ತೀವಿ, ಕೋಳಿ ಹಿಡ್ಯಾಕತ್ತಿಲ್ಲ.”

“ಟ್ಯಾಕಸ್ಟರ.”

“ಟ್ರ್ಯಾಕ್ಟರ ಅಂದಬಿಡು. ಬೇವೂರ ರೈತರಾದ್ರೂ ಸಂತೋಷ ಪಡತಾರ.”

“ಏ ಬಾಡ್ಯಾ,” ಅಂದಳು, ಕೈಯಲ್ಲಿದ್ದ ಕೋಲು ಎತ್ತಿ. ನಗುತ್ತಿದ್ದಳು. ಹಂಡೆಯ ಹಬೆಗೆ ಕೆಮ್ಮು ಬಂದು, ಕೆಮ್ಮಿನ ನಡುವೆ ಮತ್ತೊಮ್ಮೆ “ಡೆಗಸ್ಟರ” ಅಂದಳು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದೆ. ಕೆಮ್ಮು, ಹೆಸರು, ಬೈಗುಳ, ಎಲ್ಲ ಸೇರಿ ಅರ್ಧ ನಿಮಿಷ. ಅದರ ಹಿಂದೆ ನನ್ನದೇ ದನಿಯಲ್ಲಿ ವಾರ್ತೆ ಓದುವವರ ಹಾಗೆ “ಇದೀಗ ಇಳಕಲ್ಲಿನಿಂದ ನೇರ ಪ್ರಸಾರ” ಎಂದು ಸೇರಿಸಿ, ಎರಡೂ ಮನೆಯವರು ಇರುವ ಗ್ರೂಪಿಗೆ ಕಳಿಸಿದೆ.

ಬಾದಾಮಿಯಿಂದ ನಗುವ ಮುಖಗಳು ಸಾಲಾಗಿ ಬಂದವು. ಒಬ್ಬರು ಕಣ್ಣೀರು ಬರುವಂತೆ ನಗುವುದು, ಒಬ್ಬರು ನೆಲಕ್ಕೆ ಬಿದ್ದು ನಗುವುದು. ಹೆಡ್‌ಮಾಸ್ತರರು ಮಾತ್ರ “ಸಾವಕಾಶ ಕಲೀಲಿ” ಎಂದು ಬರೆದರು. ಅದು ನಗುವ ಮುಖಕ್ಕಿಂತ ಕೆಟ್ಟದಾಗಿತ್ತು. ಐದು ನಿಮಿಷಕ್ಕೆ ಅಣ್ಣನ ಫೋನು ಬಂತು.

“ಅವ್ವಗ ಬರೂದಿಲ್ಲಲೇ ಇದು. ನಿಮ್ಮ ವೈನಿ ತಂಗಿ ಹೇಳತಾಳ ಬಿಡು.”

ಫೋನು ಸ್ಪೀಕರಿನಲ್ಲಿತ್ತು. ಅವ್ವ ಲಡಿ ಹಿಂಡುತ್ತಿದ್ದವಳು ಹಾಗೇ ಹಿಡಿದುಕೊಂಡು ನಿಂತಳು. ಕೆಂಪು ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

“ನೀ ಅದನ್ನ ಅವರಿಗೆ ಕಳಸಿದೇನು?”

“ಕೈ ತಪ್ಪಿ ಹೋತಬೇ.”

“ನಿನ್ನ ಕೈ ತಪ್ಪೂದಿಲ್ಲ,” ಅಂದಳು. ಅಷ್ಟೇ. ಆಮೇಲೆ ಫೋನಿನ ಹತ್ತಿರ ಬಾಯಿ ತಂದು, “ಎಂಟ ದಿನಾ ಕೊಡಪಾ ನನಗ,” ಎಂದು ಅಣ್ಣನಿಗೆ ಹೇಳಿದಳು. ಮಗನಿಗೆ ಅಲ್ಲ, ಸಾಹೇಬರಿಗೆ ಹೇಳಿದ ಹಾಗಿತ್ತು.

ಆ ಎಂಟು ದಿನ ನನ್ನನ್ನು ಶೆಡ್ಡಿಗೆ ಬಿಡಲಿಲ್ಲ. ಬಾಗಿಲ ಸಂದಿಯಿಂದ ಕೇಳುತ್ತಿದ್ದೆ. ಅವಳು ಹೆಸರನ್ನು ಕೆಲಸಕ್ಕೆ ಕಟ್ಟಿಕೊಂಡಿದ್ದಳು. ಲಡಿ ಇಳಿಬಿಡುವಾಗ “ಡೆ”. ಎತ್ತಿದಾಗ ಹನಿ ಬಿಸಿ ಹಂಡೆಯ ಅಂಚಿಗೆ ಬಿದ್ದು ಸುಯ್ಯೆನ್ನುತ್ತದಲ್ಲ, ಆ ಸದ್ದಿಗೆ ಸರಿಯಾಗಿ “ಕ್ಸ್”. ಹಿಂಡಿ ಜಾಡಿಸುವಾಗ “ಟರ್”. ದಿನಕ್ಕೆ ನೂರಾರು ಸಲ. ಪಕ್ಕದ ಮನೆಯವರು ಅವಳಿಗೆ ಯಾರೋ ಮಂತ್ರ ಕೊಟ್ಟಿದ್ದಾರೆಂದು ತಿಳಿದರು. ಒಂಬತ್ತನೆಯ ದಿನ ಬೆಳಿಗ್ಗೆ ಅಣ್ಣನಿಗೆ ಫೋನು ಹಚ್ಚಿಸಿ, ಉಸಿರು ತೆಗೆದುಕೊಂಡು, “ಡೆಕ್ಸ್ಟರ್” ಅಂದಳು. ಡಾಕ್ಟರ ಹೆಂಡತಿಗಿಂತ ಚೆನ್ನಾಗಿತ್ತು. ನಾಯಿ ಕೇಳಿದ್ದರೆ ಎದ್ದು ನಿಲ್ಲುತ್ತಿತ್ತು.



“ಆತು,” ಅಂದ ಅಣ್ಣ. “ನೀನ ಹೇಳು. ಮೆಹಂದಿ ಮಾತ್ರ ಹಾಕಿಸ್ಕೊ.”

ಅದೇ ಫೋನಿನಲ್ಲಿ ನನಗೂ ಒಂದು ಕೆಲಸ ಕೊಟ್ಟ. ಕಾರ್ಯಕ್ರಮಕ್ಕೆ ಮೈಕು ಇರುತ್ತದೆ, ನಿರೂಪಣೆ ನಾನು ಮಾಡಬೇಕು. ಮದುವೆ ಮುಂಜಿಗಳಲ್ಲಿ ಮಿಮಿಕ್ರಿ ಮಾಡಿ ಬೇರೆಯವರನ್ನು ನಗಿಸುವ ಬದಲು ಮನೆಯ ಕೆಲಸಕ್ಕೆ ಒದಗಬೇಕು. ಹೆಸರಿನ ಅರ್ಥ, ಇತಿಹಾಸ, ಎರಡು ಮಾತು. “ಯಾರದೂ ದನಿ ತಗೀಬ್ಯಾಡ. ಮನಶ್ಯಾರಂಗ ಮಾತಾಡು.”

ಇತಿಹಾಸ ಎಂದರೆ ನನಗೆ ಗೊತ್ತಿದ್ದವರು ಒಬ್ಬರೇ. ಹುನಗುಂದದಲ್ಲಿ ನನಗೆ ಇಂಗ್ಲಿಷ್ ಕಲಿಸಿ ಸೋತ ಸರ್. ಈಗ ನಿವೃತ್ತರು. ಮಾತಾಡುವಾಗ ಮೇಲಿನ ಹಲ್ಲಿನ ಸೆಟ್ಟು ಜಾರುತ್ತದೆ, ನಾಲಿಗೆಯಿಂದ ಅದನ್ನು ಒತ್ತಿ ಹಿಡಿದು ಮುಂದಿನ ಮಾತು ಆಡುತ್ತಾರೆ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅವರ ಮುಂದೆಯೇ ಅದನ್ನು ಮಾಡಿ ಬಹುಮಾನ ಗೆದ್ದಿದ್ದೇನೆ. ಬಹುಮಾನ ಕೊಟ್ಟವರೂ ಅವರೇ.

“ಬಾರಲೇ ಮಂಗ್ಯಾ,” ಅಂದರು. “ಯಾರನ್ನ ಅಣಕಿಸಬೇಕಾಗೇತಿ ಇವತ್ತ?”

ಹೆಸರು ಹೇಳಿದೆ. ಬಲಗೈ ಎಂಬ ಅರ್ಥವನ್ನೂ ಹೇಳಿದೆ. ಸರ್ ಎದ್ದು, ಇಟ್ಟಿಗೆಯಷ್ಟು ದಪ್ಪದ ಹಳೆಯ ನಿಘಂಟು ತಂದು, ಕನ್ನಡಕ ಹಣೆಗೇರಿಸಿ ಹುಡುಕಿದರು.

“ಬಲಗೈ ಅನ್ನೂದು ಲ್ಯಾಟಿನ್ ಶಬ್ದ. ಅದರ ಮಾರಿ ಇದರ ಮಾರಿ ಒಂದ ಐತಿ, ವಂಶ ಬ್ಯಾರೆ. ಇದು ಇಂಗ್ಲೀಷರ ಅಡ್ಡಹೆಸರು, ಅಂದ್ರ ಮನೆತನದ ಹೆಸರು. ಹಳೇ ಇಂಗ್ಲೀಷಿನಾಗ ಕೊನೀಗೆ ‘ಸ್ಟರ್’ ಬಂತಂದ್ರ ಹೆಣ್ಣಮಗಳು ಮಾಡೂ ಕಸಬು ಅಂತ ತಿಳಿ. ನೇಯಾಕಿ ವೆಬ್‌ಸ್ಟರ್. ರೊಟ್ಟಿ ಸುಡಾಕಿ ಬ್ಯಾಕ್ಸ್ಟರ್. ಅರಿವಿ, ನೂಲಿಗೆ ಬಣ್ಣಾ ಹಾಕಾಕಿ,” ಎಂದು ಹಲ್ಲು ಒತ್ತಿ ಹಿಡಿದರು, “ಡೆಕ್ಸ್ಟರ್.”

ನಾನು ನಿಘಂಟಿನ ಮೇಲೆ ಬಗ್ಗಿ ಆ ಸಾಲನ್ನು ನಾನೇ ಓದಿದೆ. ಇದು ಅಪರೂಪ.

“ಮುಂದ ಗಂಡಸರೂ ಅದ ಕಸಬು ಹಿಡದ್ರು, ಹೆಸರು ಹಂಗ ಉಳೀತು. ನಮ್ಮ ಕಡೆ ಬಡಿಗೇರ, ಕಮ್ಮಾರ, ಕುಂಬಾರ ಇಲ್ಲೇನು, ಹಂಗ.”

“ಮತ್ತ ಹಿಂದ ಇರೂ ಅಡ್ಡಹೆಸರು ಮುಂದ ಹೆಂಗ ಬಂತ್ರಿ ಸರ್?”

“ತಾಯಿ ತವರಮನಿ ಅಡ್ಡಹೆಸರು ಅಳಿಸಿ ಹೋಗಬಾರದಂತ ಮಗಗ ಅದನ್ನ ಹೆಸರು ಮಾಡಿ ಇಡೂ ರೂಢಿ ಇತ್ತು ಅವರೊಳಗ. ಒಟ್ಟ ಯಾವಾಕಿನೋ ಒಬ್ಬಾಕಿ ನೆನಪು. ಆಮ್ಯಾಲ ಕೇಳಾಕ ಚಂದ ಐತಂತ ಯಾರ ಬೇಕಾದವರು ಇಟ್ಟಕೊಂಡ್ರು. ಅಮೇರಿಕಾದವರಂತೂ ಭಾಳ.” ನಿಘಂಟು ಮುಚ್ಚಿದರು. “ನಿಮ್ಮವ್ವ ಈಗೂ ಬಣ್ಣಾ ಹಾಕತಾಳಲೇ?”

“ಹೂಂರಿ.”

ಸರ್ ನನ್ನ ಮುಖ ನೋಡಿದರು. ನಗಲು ಹೋಗಿ ನಗಲಿಲ್ಲ.

“ಮೊದಲ ಹೋಗಿ ನಿಮ್ಮವ್ವಗ ಹೇಳು. ಬ್ಯಾರೆ ಯಾರಿಗೂ ಹೇಳೂಕಿಂತ ಮೊದಲ. ತಿಳೀತೇನು?”

“ತಿಳೀತ್ರಿ,” ಅಂದೆ, ಅವರದೇ ದನಿಯಲ್ಲಿ.

ಹೇಳಲಿಲ್ಲ. ಹೇಳಲು ಹದಿನೈದು ದಿನ ಇದ್ದವು. ಇಳಕಲ್ಲಿಗೂ ಹುನಗುಂದಕ್ಕೂ ದಿನಾ ಹೋಗಿ ಬರುವವನು ನಾನು. ಪ್ರತಿ ಸಂಜೆ ಅವ್ವನ ಮುಂದೆ ಕೂತು ರೊಟ್ಟಿ ತಿಂದೆ. ಅಂಥ ಮಾತನ್ನು ಶೆಡ್ಡಿನಲ್ಲಿ ಒಬ್ಬಳ ಮುಂದೆ ಹೇಳಿ ಹಾಳು ಮಾಡುವುದೇ? ನೂರು ಜನರ ಮುಂದೆ, ಮೈಕಿನಲ್ಲಿ, ಹೆಡ್‌ಮಾಸ್ತರರ ಎದುರಿಗೆ ಬೀಳಬೇಕಾದ ಬಾಂಬು ಅದು. ಬಿದ್ದರೆ ಅಣ್ಣನ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡಿದ್ದೆ. ತಾಯಿಯ ಕೈ ಮುಚ್ಚಿಟ್ಟವನು ಮಗನ ಹೆಸರಿನಲ್ಲಿ ಅದನ್ನೇ ಬರೆಸಿಕೊಂಡ ಎಂದರೆ ಯಾರು ನಗುವುದಿಲ್ಲ? ಅಂಗಡಿ ಮುಚ್ಚುವ ಮುಂಚೆ ತಾಲೀಮು ಮಾಡುತ್ತಿದ್ದೆ. ಎದುರು ಮನೆಯ ನಾಯಿ ಗೇಟಿನ ಸಂದಿಯಿಂದ ಮೂತಿ ತೂರಿಸಿ ಪೂರ್ತಿ ಕೇಳಿತು. ತನ್ನ ವಂಶದ ವಿಷಯವಲ್ಲವೇ.

ತೊಟ್ಟಿಲು ಬಾದಾಮಿಯಲ್ಲಿ, ವೈನಿಯ ತವರಿನಲ್ಲಿ. ಅಪ್ಪ ಬರಲಿಲ್ಲ, ಮಗ್ಗಕ್ಕೆ ಹೊಸ ಹಾಸುನೂಲು ಹೂಡಿದ್ದೇನೆ ಎಂದ. ಅಪ್ಪನಿಗೆ ಎಲ್ಲಿಗಾದರೂ ಹೋಗುವುದಿದ್ದರೆ ಅದರ ಹಿಂದಿನ ದಿನವೇ ಹಾಸು ಹೂಡುವುದು ವಾಡಿಕೆ. ಅವ್ವ ಓಣಿಯ ಹುಡುಗಿಯ ಕೈಲಿ ಮೆಹಂದಿ ಹಾಕಿಸಿಕೊಂಡಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹುನಗುಂದ ದಾಟಿ ಅಮೀನಗಡ ಬರುವ ತನಕ ತುಟಿ ಅಲ್ಲಾಡಿಸುತ್ತಿದ್ದಳು. ನಾನು ಕಂಡಕ್ಟರನ ಮೂಗಿನ ದನಿಯಲ್ಲಿ “ಡೆಕ್ಸ್ಟರ್ ಇಳಿಯೂವರು ಮುಂದ ಬರ್ರೀ” ಅಂದೆ. ಕಂಡಕ್ಟರ್ ತಿರುಗಿ ನೋಡಿದ. ಅವ್ವ ನನ್ನ ತೊಡೆ ಚಿವುಟಿದಳು.

“ಇವತ್ತೊಂದಿನ ಸುಮ್ಮ ಇರಪಾ,” ಅಂದಳು. “ನಿನ್ನ ಕಾಲಿಗೆ ಬೀಳತೇನಿ.”

ಬಾದಾಮಿಯ ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮಂಗಗಳ ಕಾಟಕ್ಕೆ ಬಾಳೆಹಣ್ಣಿನ ಬುಟ್ಟಿಯ ಮೇಲೆ ಒಬ್ಬ ಮುದುಕನನ್ನು ಕೋಲು ಕೊಟ್ಟು ಕೂರಿಸಿದ್ದರು. ಅಣ್ಣ ಜರಿ ಅಂಚಿನ ಧೋತರ ಉಟ್ಟು, ಬೆಂಗಳೂರಿನವರ ಹಾಗೆ “ಬನ್ನಿ, ಕೂತ್ಕೊಳ್ಳಿ, ತಿಂಡಿ ಆಯ್ತಾ” ಎನ್ನುತ್ತಿದ್ದ. ನನ್ನನ್ನು ಕಂಡಾಗ ಮಾತ್ರ “ಲೇ, ಹಲ್ಲ ಕಿಸೀಬ್ಯಾಡ” ಎಂದ. ಅವನ ಒಳಗಿನ ಇಳಕಲ್ಲು ಸಿಟ್ಟು ಬಂದಾಗಲೇ ಹೊರಗೆ ಬರುತ್ತದೆ.

ಅವ್ವನನ್ನು ತೊಟ್ಟಿಲ ಹತ್ತಿರ ಕರೆದರು. ಕೂಸನ್ನು ವೈನಿಯ ತಾಯಿ ಅವಳ ತೋಳಿಗೆ ಕೊಟ್ಟರು. ಹುಟ್ಟಿದ ಮೇಲೆ ಅವ್ವ ಅದನ್ನು ಎತ್ತಿಕೊಂಡದ್ದು ಅದು ಎರಡನೇ ಸಲ. ಹೆಂಗಸರು ಸುತ್ತುಗಟ್ಟಿದರು. ಅವ್ವ ಬಗ್ಗಿ, ಕೂಸಿನ ಬಲಕಿವಿಗೆ ತುಟಿ ಹಚ್ಚಿ, ಒಮ್ಮೆ ಕಣ್ಣು ಮುಚ್ಚಿದಳು.

“ಕುರ್ರ್... ಡೆಕ್ಸ್ಟರ್.”

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆನ್ನಿಗೆ ಗುದ್ದುಗಳು ಬಿದ್ದವು. ವೈನಿಯ ಆ ಇಂಗ್ಲಿಷ್ ಶಾಲೆಯ ತಂಗಿ ಸ್ವಲ್ಪ ಜೋರಾಗಿಯೇ ಗುದ್ದಿದಳು. ಅವ್ವ ಬೆನ್ನು ಬಗ್ಗಿಸಿಯೇ ನಗುತ್ತಿದ್ದಳು, ಕೂಸಿನ ಮೇಲೆ ಬೀಳದಂತೆ ಅಷ್ಟೂ ಏಟನ್ನು ತಾನೇ ತಿನ್ನುತ್ತ. ಆಮೇಲೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ನನ್ನ ಕಡೆ ನೋಡಿ, ಶಾಲೆಯ ಹುಡುಗಿ ಪಾಸಾದಂತೆ ತಲೆ ಅಲ್ಲಾಡಿಸಿದಳು.

ಅಲ್ಲಿಗೆ ಮುಗಿಸಬಹುದಿತ್ತು. ಮೈಕು ನನ್ನ ಕೈಯಲ್ಲಿತ್ತು.

ಮೊದಲು ಅಣ್ಣನ ದನಿ ತೆಗೆದೆ. “ನೋಡಿ, ಡೆಕ್ಸ್ಟರ್ ಅಂದ್ರೆ ಬಲಗೈ ಅಂತ ಅರ್ಥ, ತುಂಬಾ ಯೂನಿಕ್ ನೇಮು.” ಜನ ನಕ್ಕರು. ಆಮೇಲೆ ಹಲ್ಲು ಒತ್ತಿ ಹಿಡಿದು ಸರ್ ಆದೆ. ಲ್ಯಾಟಿನ್ ಹೇಳಿದೆ, ಅಡ್ಡಹೆಸರು ಹೇಳಿದೆ, ರೊಟ್ಟಿ ಸುಡುವವಳು, ನೇಯುವವಳು ಎಂದು ಒಂದೊಂದೇ ಮೆಟ್ಟಿಲು ಇಳಿದು ಬಂದೆ. “ಬಣ್ಣಾ ಹಾಕಾಕಿ ಯಾರು?” ಎಂದು ಕೇಳಿ ನಿಲ್ಲಿಸಿದೆ. ಅಣ್ಣನ ಮುಖ ಮಾತ್ರ ಉತ್ತರ ಕೊಟ್ಟಿತು. ನಾನು ಅಷ್ಟಕ್ಕೇ ಬಿಡುವವನಲ್ಲ. ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ಅವ್ವನಾದೆ. ಸೊಂಟಕ್ಕೆ ಇಲ್ಲದ ಸೆರಗು ಸಿಕ್ಕಿಸಿದೆ, ಹಬೆಗೆ ಮುಖ ಕಿವುಚಿದೆ, ಲಡಿ ಎತ್ತಿದೆ, ಹಿಂಡಿದೆ, ಅವಳ ಕೆಮ್ಮು ಕೆಮ್ಮಿದೆ. “ಡೆಗಸ್ಟರ,” ಅಂದೆ, ಆ ಎಂಟು ದಿನದ ಕಲಿಕೆಗಿಂತ ಮೊದಲಿನ ದನಿಯಲ್ಲಿ. ಶಾಮಿಯಾನ ಹಾರಿ ಹೋಗುವಂತೆ ನಕ್ಕರು. ನನ್ನ ಜೀವನದಲ್ಲಿ ಅಂಥ ನಗು ಮತ್ತೆ ಬಿದ್ದಿಲ್ಲ. ಆ ಸೊಕ್ಕಿನಲ್ಲಿ ತೊಟ್ಟಿಲ ಹತ್ತಿರ ಹೋಗಿ ಅವ್ವನ ಬಲಗೈ ಹಿಡಿದು, ಕುಸ್ತಿ ಗೆದ್ದವನ ಕೈ ಎತ್ತುವಂತೆ ಮೇಲೆತ್ತಿದೆ.

“ಇಳಕಲ್ಲಿನ ಅಸಲಿ ಡೆಕ್ಸ್ಟರ್, ನೋಡಿಕೊಳ್ಳಿರೀ!”

ಬೆಳಕಿಗೆ ಎತ್ತಿದಾಗ ಮೆಹಂದಿಯ ಬಳ್ಳಿಗಳ ನಡುವೆ ಜಾಂಬಳ ಚರ್ಮ, ಕಪ್ಪು ಉಗುರು ಎಲ್ಲರಿಗೂ ಕಂಡವು. ಮುಂದಿನ ಸಾಲಿನ ನಗು ಮೊದಲು ನಿಂತಿತು, ಹಿಂದಿನದು ಆಮೇಲೆ. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ. ನಾನು ಹಿಡಿದಷ್ಟು ಹೊತ್ತು ಅದು ಮೇಲೆಯೇ ಇತ್ತು. ಬಿಟ್ಟ ಮೇಲೆ ಸೆರಗಿನೊಳಗೆ ಹೋಯಿತು.

ಹೆಡ್‌ಮಾಸ್ತರರು ಎದ್ದು ಬಂದರು. ಮರ್ಯಾದೆಯ ಮನುಷ್ಯರು, ದನಿ ಏರಿಸಲಿಲ್ಲ.

“ನೀವು ಬಣ್ಣಾ ಹಾಕೂ ಕೆಲಸ ಮಾಡ್ತೀರೇನ್ರಿ ಬೀಗತಿಯವರ?”

ಅವ್ವ ಬಾಯಿ ತೆರೆಯುವುದರೊಳಗೆ ಅಣ್ಣ ನಡುವೆ ಬಂದ. “ಇಲ್ಲ ಮಾವಾ, ಅದು ಅಮ್ಮನಿಗೆ ಒಂಥರಾ ಹವ್ಯಾಸ. ಸುಮ್ನೆ ಟೈಮ್‌ಪಾಸು.”

ಅಣ್ಣ ಅವ್ವನನ್ನು ಅಮ್ಮ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಅವನ ಮುಖ ನೋಡಿದಳು. ನಂತರ ಹೆಡ್‌ಮಾಸ್ತರರ ಕಡೆ ತಿರುಗಿ, “ಹೂಂರಿ, ಹವ್ಯಾಸರಿ,” ಅಂದಳು. ಆ ಶಬ್ದವನ್ನು ಅವಳು ಎಲ್ಲೂ ಕಲಿತಿರಲಿಲ್ಲ. ಒಂದೇ ಸಲಕ್ಕೆ ಬಂತು.

ವೈನಿಯ ಅಳು ಕೋಣೆಯೊಳಗಿಂದ ಕೇಳುತ್ತಿತ್ತು. “ನನ್ನ ಮಗಗ ಬಣ್ಣಾ ಹಾಕಾಕಿ ಅಂತ ಹೆಸರ ಇಟ್ಟೀರಿ. ಅದೂ ಹೆಂಗಸಿನ ಹೆಸರ. ನಾಳೆ ಸಾಲ್ಯಾಗ ಹುಡುಗರು ಬಿಡತಾರೇನು? ಸ್ವಂತ ಕಾಕಾನ ಬಿಡಲಿಲ್ಲ!” ಒಳಗೆ ಹೋದವರು, ಹೊರಗೆ ಬಂದವರು, ಪಿಸುಮಾತು. ಕೊನೆಗೆ ಹೆಡ್‌ಮಾಸ್ತರರೇ ತೀರ್ಪು ಕೊಟ್ಟರು: ತೊಟ್ಟಿಲ ಹೆಸರು ತೊಟ್ಟಿಲಿಗೆ ಇರಲಿ, ಕರೆಯುವ ಹೆಸರು ಬೇರೆ ಇಡೋಣ, ಹಾಗೆ ಇಡುವ ರೂಢಿ ಹಿರಿಯರಲ್ಲೂ ಇತ್ತು. ಅಣ್ಣನ ಪಟ್ಟಿಯಲ್ಲಿ ಎರಡನೆಯದೂ ಇಂಗ್ಲಿಷರ ಅಡ್ಡಹೆಸರೇ ಆಗಿತ್ತು: ಕೂಪರ್. ವೈನಿಯ ತಂಗಿ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡಳು. ಅವ್ವ ಜಾಗ ಬಿಟ್ಟು ಹಿಂದೆ ಸರಿದಳು. ಮತ್ತೆ ಕುರ್ರ್, ಮತ್ತೆ ಗುದ್ದು. ಬಾದಾಮಿಯ ಹೆಂಗಸರ ಬಳೆಯ ಸದ್ದಿಗೆ ಶಾಮಿಯಾನದ ಮೇಲಿನ ಮಂಗಗಳು ಓಡಿದವು. ಗುದ್ದುವವರ ಸಾಲಿನಲ್ಲಿ ಅವ್ವನೂ ಇದ್ದಳು. ಎಡಗೈಯಿಂದ, ಮೆಲ್ಲಗೆ, ಒಮ್ಮೆ.

ಅಣ್ಣ ನನ್ನನ್ನು ಗೋಡೆಯ ಮರೆಗೆ ಎಳೆದ. ಹೊಡೆಯುತ್ತಾನೆ ಎಂದುಕೊಂಡೆ. ಕಾಲರು ಹಿಡಿದು ಕೇಳಿದ:

“ಈ ಕೂಪರಕ್ಕ ಏನರ ಅರ್ಥ ಐತೇನಲೇ? ಖರೆ ಹೇಳು.”

ಪೀಪಾಯಿ ಮಾಡುವವನು. ಸರ್ ಅದೇ ಮಾತಿನ ಓಘದಲ್ಲಿ ಅದನ್ನೂ ಹೇಳಿದ್ದರು.

“ಏನೂ ಇಲ್ಲಣ್ಣ,” ಅಂದೆ.

ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂಡಲಿಲ್ಲ. ಗುಳೇದಗುಡ್ಡ ದಾಟಿತು. ನಾನು ಯಾವ ದನಿಯಲ್ಲಿ ಶುರು ಮಾಡುವುದೆಂದು ಲೆಕ್ಕ ಹಾಕುತ್ತಿದ್ದೆ. ಅವಳೇ ಕೇಳಿದಳು.

“ಆ ಅರ್ಥ ನಿನಗ ಯಾವಾಗ ಗೊತ್ತಾತು?”

“ಹದಿನೈದ ದಿನಾ ಆತಬೇ.”

“ಹದಿನೈದ ದಿನಾ.” ಸೆರಗು ಸರಿಮಾಡಿಕೊಂಡಳು. “ನನಗ ಹೇಳಬೇಕಿತ್ತಲೋ. ನಾ ಯಾರ ಮುಂದೂ ಬಾಯಿ ಬಿಡತಿದ್ದಿಲ್ಲ. ಹೆಸರಿನ ಹಿಂದ ಅದನ್ನೂ ಅವನ ಕಿವ್ಯಾಗ ಹೇಳಿಬಿಡತಿದ್ದೆ. ಅವಗೊಬ್ಬವಗ.”

ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಮಾರುವವನು ಕಿಟಕಿಗೆ ಬಂದು ಕೂಗಿದ. ಅವನ ದನಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸುಲಭ. ತೆಗೆಯಲಿಲ್ಲ. ಅದನ್ನು ಒಳ್ಳೆಯತನ ಎಂದು ಬರೆದುಕೊಳ್ಳಲು ಆಗುವುದಿಲ್ಲ.

ಅಣ್ಣ ಆಮೇಲೆ ಗ್ರೂಪಿನಿಂದ ನನ್ನನ್ನು ತೆಗೆದ. ಅವ್ವನಿಗೆ ವಾರಕ್ಕೊಮ್ಮೆ ಕೂಸಿನ ಮುಖ ಫೋನಿನಲ್ಲಿ ತೋರಿಸುತ್ತಾನೆ. ಅವಳು “ಏನ ಮಾಡಾಕತ್ತಿ ನನ್ನ ರಾಜಾ” ಎನ್ನುತ್ತಾಳೆ, “ಹಾಲ ಕುಡದೇನು ನನ್ನ ಬಂಗಾರಾ” ಎನ್ನುತ್ತಾಳೆ. ಹೆಸರು ಹಿಡಿದು ಕರೆಯುವುದಿಲ್ಲ. ಹೊಸ ಹೆಸರನ್ನು ಅವಳು ಕಲಿಯಲೂ ಇಲ್ಲ, ಯಾರೂ ಕಲಿಸಲೂ ಇಲ್ಲ.

ಬಾದಾಮಿಯಿಂದ ಬಂದು ಒಂದು ವಾರವಾಗಿತ್ತು. ಬಾಗಲಕೋ‌ಟೆಯಲ್ಲಿ ಒಂದು ಮದುವೆ, ಮರುದಿನ ನನ್ನ ಮಿಮಿಕ್ರಿ ಇತ್ತು. ಅಂಗಳದಲ್ಲಿ ಬೂಟು ಒರೆಸುತ್ತ ಕೂತಿದ್ದೆ. ಶೆಡ್ಡಿನಿಂದ ಅವ್ವ ಕರೆದಳು.

“ಬಾ ಇಲ್ಲೆ. ಒಂದೀಟ ಕೈ ಕೊಡು.”

ಹೋದೆ. ಹಿಂದಿನ ದಿನದ ಹಂಡೆ ಆರಿ ತಣ್ಣಗಾಗಿತ್ತು. ತಳದಲ್ಲಿ ಉಳಿದ ಗಿರಿ ಕುಂಕುಮ ಮಂದವಾಗಿ, ರಕ್ತದ ಹಾಗಿತ್ತು. ಲಡಿ ಹಿಡಿಯಲು ಕರೆದಳೆಂದು ಬಲಗೈ ಚಾಚಿದೆ. ಅವಳು ಮಣಿಕಟ್ಟು ಹಿಡಿದಳು. ಆ ಕೈಯ ಬಲ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅದನ್ನು ನಟಿಸಿದ್ದೆ, ಒಮ್ಮೆಯೂ ಅಳೆದಿರಲಿಲ್ಲ. ಹಂಡೆಗೆ ನನ್ನ ಕೈ ಮುಳುಗಿಸಿ ಒತ್ತಿ ಹಿಡಿದಳು.

“ಯವ್ವಾ, ಬಿಡಬೇ! ನಾಳೆ ಪ್ರೋಗ್ರಾಂ ಐತಿ!”

“ಗೊತ್ತೈತಿ.”

ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ನೂಲು ಬಣ್ಣ ಕುಡಿಯಿತೋ ಇಲ್ಲವೋ ಎಂದು ನೋಡುವಾಗ ಹೇಗಿರುತ್ತಾಳೋ ಹಾಗೆ ಇದ್ದಳು. ಬೆರಳುಗಳ ಸಂದಿಗೆ ಸರಿಯಾಗಿ ಹತ್ತಲೆಂದು ಅವುಗಳನ್ನು ಬಿಡಿಸಿ ತಿರುವಿದಳು. ಮೇಲೆ ಎತ್ತಿ ನೋಡಿ, ಸಾಲದೆನಿಸಿ, ಮತ್ತೆ ಮುಳುಗಿಸಿದಳು. ಆಮೇಲೆ ಎತ್ತಿ, ಕೈಯನ್ನು ನನ್ನ ತಲೆಗಿಂತ ಮೇಲಕ್ಕೆ ಹಿಡಿದಳು, ಬಾದಾಮಿಯಲ್ಲಿ ನಾನು ಅವಳದನ್ನು ಹಿಡಿದಿದ್ದ ಹಾಗೆಯೇ. ನೋಡಲು ಅಲ್ಲಿ ಯಾರೂ ಇರಲಿಲ್ಲ. ಮೊಣಕೈಯಿಂದ ಕೆಂಪು ಇಳಿದು ಕಂಕುಳು ಸೇರಿತು.

“ಹೋಗು,” ಅಂದಳು. “ಈಗ ಮೈಕ್ ಹಿಡಿ.”

ನಿಂಬೆ ತಿಕ್ಕಿದೆ, ಸೀಮೆಎಣ್ಣೆ ತಿಕ್ಕಿದೆ, ಬಟ್ಟೆ ಸೋಪು, ಉಪ್ಪು, ಕೊನೆಗೆ ಅಪ್ಪ ಮಗ್ಗದಿಂದ ಇಳಿಯದೆ ಹೇಳಿದಂತೆ ಬೂದಿಯನ್ನೂ ತಿಕ್ಕಿದೆ. ಚರ್ಮ ಕಿತ್ತು ಬಂತು, ಬಣ್ಣ ಬರಲಿಲ್ಲ. ಅವ್ವನ ಬಣ್ಣ ಬಿಡುವುದಿಲ್ಲ ಎಂದು ಮಾಲಕರು ಹೇಳುತ್ತಿದ್ದದ್ದು ನಿಜ.

ಮರುದಿನ ನವನಗರದ ಮಂಗಲ ಕಾರ್ಯಾಲಯದಲ್ಲಿ ಬಲಗೈ ಪ್ಯಾಂಟಿನ ಜೇಬಿನಲ್ಲಿಟ್ಟು ಓಡಾಡಿದೆ. ಮದುಮಗನ ಮಾವ ಕೈ ಕುಲುಕಲು ಬಂದರು, ಎಡಗೈ ಕೊಟ್ಟೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಮುಟ್ಟದೆ ಹೋದರು. ಒಳಗಿನ ಪಡಸಾಲೆಯಲ್ಲಿ ಹೆಂಗಸರು ಮೆಹಂದಿ ಹಾಕಿಸಿಕೊಳ್ಳಲು ಸಾಲಾಗಿ ಕೂತಿದ್ದರು. ನೀರು ಕುಡಿಯಲು ಹೋದಾಗ ಜೇಬಿನಿಂದ ಕೈ ತೆಗೆಯಬೇಕಾಯಿತು. ಮೆಹಂದಿಯ ಹೆಣ್ಣುಮಗಳು ಕಂಡುಬಿಟ್ಟಳು.

“ಅಯ್ಯ, ಏನಾತ್ರಿ ಅಣ್ಣಾರ ಕೈಗೆ?” ಅಂದಳು. ನಾನು ಕೈಯನ್ನು ಮತ್ತೆ ಜೇಬಿಗೆ ತುರುಕಿದ್ದು ಕಂಡು ದನಿ ಇಳಿಸಿದಳು. “ಬರ್ರಿ, ಕೂಡ್ರಿ. ದಟ್ಟಂಗ ಹಾಕಿಬಿಡತೇನಿ. ಯಾರಿಗೂ ಕಾಣೂದಿಲ್ಲ.”

ಹೊರಗೆ ಮೈಕಿನಲ್ಲಿ ನನ್ನನ್ನು ಕರೆಯುತ್ತಿದ್ದರು. ನಾನು ಸಾಲಿನೊಳಗೆ ಹೋಗಿ, ಇಬ್ಬರು ಮುದುಕಿಯರ ನಡುವೆ, ಬಲಗೈ ಮುಂದೆ ಚಾಚಿ ಕೂತೆ.